ಕೈಕೆತ್ತನೆಯ ದುಬಾರಿ ಬಂದೂಕು: ಕಲೆಯೋ, ಬಳಕೆಗೆ ಒದಗದ ವೈಭವವೋ?

ಲೋಹಾಸಕ್ತ:

ಲಂಡನ್ನಿನ ಪರ್ಡಿ, ಹಾಲೆಂಡ್ ಅಂಡ್ ಹಾಲೆಂಡ್‌ನಂತಹ ಹಳೆಯ ಸಂಸ್ಥೆಗಳು ಗಿರಾಕಿಯ ಮೈಯಳತೆ ತೆಗೆದುಕೊಂಡು ಮಾಡಿಕೊಡುವ ಜೋಡುನಳಿಗೆ ಬಂದೂಕಿನ ಬೆಲೆ ಇಂದು ಒಂದು ಲಕ್ಷ ಪೌಂಡನ್ನು ದಾಟಿದೆ. ಹೆಸರಾಂತ ಕೆತ್ತನೆಗಾರರೊಬ್ಬರು ಅದರ ಇಕ್ಕೆಲದ ಉಕ್ಕಿನ ಫಲಕಗಳ ಮೇಲೆ ತಿಂಗಳುಗಟ್ಟಲೆ ಕೆಲಸ ಮಾಡಿದರೆ ಬೆಲೆ ಇನ್ನೂ ಬಹಳ ಮೇಲಕ್ಕೆ ಹೋಗುತ್ತದೆ. ಅದೇ ಗುಂಡನ್ನು, ಅದೇ ದೂರಕ್ಕೆ, ಅಷ್ಟೇ ಭರವಸೆಯಿಂದ ಹಾರಿಸುವ ಕಾರ್ಖಾನೆಯ ಬಂದೂಕು ಆ ಮೊತ್ತದ ನೂರರಲ್ಲಿ ಒಂದು ಪಾಲಿಗೆ ಸಿಗುತ್ತದೆ. ಹಾಗಿದ್ದ ಮೇಲೆ ಉಳಿದ ತೊಂಬತ್ತೊಂಬತ್ತು ಪಾಲು ಯಾವುದಕ್ಕೆ ಎಂಬ ಪ್ರಶ್ನೆ ನ್ಯಾಯವಾದದ್ದೇ.

ನನ್ನ ಒಲವು ಇದನ್ನು ಕಲೆ ಎಂದು ಕರೆಯುವ ಕಡೆಗಿದೆ. ಆದರೆ ಎರಡು ಸಂಗತಿಗಳು ನನ್ನನ್ನು ತಡೆಯುತ್ತವೆ. ಇಂತಹ ಬಂದೂಕುಗಳಲ್ಲಿ ಹಲವು ಒಮ್ಮೆಯೂ ಗುಂಡು ಹಾರಿಸದೆ ಪೆಟ್ಟಿಗೆಯಲ್ಲೇ ಉಳಿಯುತ್ತವೆ. ಬಳಸದ ಉಪಕರಣವನ್ನು ಅದರ ಕುಶಲತೆಗಾಗಿ ಹೊಗಳುವುದು ಹೇಗೆ? ಇನ್ನೊಂದು, ಅಲಂಕಾರ ತೀರಾ ದಟ್ಟವಾದರೆ ಅದು ವಸ್ತುವಿನ ರೂಪವನ್ನೇ ಮುಚ್ಚಿಬಿಡುತ್ತದೆ ಎಂಬುದು. ಈ ಕೆಲಸವನ್ನು ಹತ್ತಿರದಿಂದ ಬಲ್ಲವರ ಅಭಿಪ್ರಾಯ ತಿಳಿಯಬೇಕೆಂದು ಬರೆಯುತ್ತಿದ್ದೇನೆ.

ಗುರಿಗಾರ:

ನಾನು ಸ್ಪರ್ಧೆಗಳಲ್ಲಿ ಹಾರುವ ಮಣ್ಣಿನ ಬಿಲ್ಲೆಗಳಿಗೆ ಗುರಿ ಇಡುವವನು. ಒಲಿಂಪಿಕ್ ಟ್ರ್ಯಾಪ್ ಸ್ಪರ್ಧಿಗಳ ಕೈಯಲ್ಲಿ ಹೆಚ್ಚಾಗಿ ಕಾಣುವುದು ಇಟಲಿಯ ಪೆರಾಜಿ, ಬೆರೆಟ್ಟಾ, ಜರ್ಮನಿಯ ಕ್ರೀಗ್‌ಹಾಫ್. ಇವು ಅಗ್ಗದ ಬಂದೂಕುಗಳಲ್ಲ. ಆದರೆ ಅಲ್ಲಿ ಹಣ ಹೋಗುವುದು ನಳಿಗೆಗೆ, ಟ್ರಿಗರ್‌ನ ಎಳೆತಕ್ಕೆ, ಕೆನ್ನೆಗೆ ಸರಿಯಾಗಿ ಕೂರುವಂತೆ ಎತ್ತರಿಸಬಹುದಾದ ಹಿಂಬದಿಯ ಮರಕ್ಕೆ. ಫಲಕದ ಮೇಲೆ ಹೂಬಳ್ಳಿ ಇದ್ದರೂ ಇಲ್ಲದಿದ್ದರೂ ಒಡೆಯುವ ಬಿಲ್ಲೆಗಳ ಸಂಖ್ಯೆ ಬದಲಾಗುವುದಿಲ್ಲ. ಅಷ್ಟು ಬೆಲೆಯ ವಸ್ತುವನ್ನು ಮಳೆಯಲ್ಲಿ, ಕೆಸರಿನಲ್ಲಿ ಹಿಡಿದು ನಿಲ್ಲುವವನ ಮನಸ್ಸು ಗುರಿಯ ಮೇಲಿರುತ್ತದೆಯೋ ಗೀರು ಬೀಳುವ ಭಯದ ಮೇಲಿರುತ್ತದೆಯೋ ಯೋಚಿಸಿ. ಉಪಕರಣವೊಂದು ತನ್ನ ಒಡೆಯನನ್ನು ಕಾವಲುಗಾರನನ್ನಾಗಿ ಮಾಡಿದರೆ ಅದನ್ನು ವೈಭವ ಎನ್ನದೆ ಬೇರೇನನ್ನೂ ಅನ್ನಲಾರೆ.

ಅರದ ಕೈ:

ಬಂದೂಕುಗಳ ದುರಸ್ತಿಯೇ ನನ್ನ ವೃತ್ತಿ. ಗುರಿಗಾರರ ಮಾತಿನಲ್ಲಿ ಅರ್ಧವನ್ನು ಒಪ್ಪುತ್ತೇನೆ, ಅರ್ಧವನ್ನು ಬಿಡಿಸಿ ನೋಡಬೇಕೆನ್ನುತ್ತೇನೆ. ಈ ಬಂದೂಕುಗಳ ಬೆಲೆಯಲ್ಲಿ ಎರಡು ಬೇರೆ ಬೇರೆ ದುಡಿಮೆಗಳು ಸೇರಿವೆ; ಒಂದು ಭಾಗಗಳನ್ನು ಕೂಡಿಸುವ ದುಡಿಮೆ, ಇನ್ನೊಂದು ಮೇಲ್ಮೈಯನ್ನು ಕೆತ್ತುವ ದುಡಿಮೆ. ದೂರದಿಂದ ನೋಡುವವರಿಗೆ ಎರಡನೆಯದು ಮಾತ್ರ ಕಾಣುತ್ತದೆ, ಹಾಗಾಗಿ ಹಣವೆಲ್ಲ ಅಲಂಕಾರಕ್ಕೆ ಹೋಯಿತೆಂಬ ಭಾವನೆ ಹುಟ್ಟುತ್ತದೆ.

ಕೂಡಿಸುವವನು ಹೇಗೆ ಕೆಲಸ ಮಾಡುತ್ತಾನೆಂದು ಹೇಳುತ್ತೇನೆ. ಒಂದು ಚಿಕ್ಕ ದೀಪದ ಹೊಗೆಯಿಂದ ಒಂದು ಭಾಗಕ್ಕೆ ಮಸಿ ಹಿಡಿಸಿ, ಅದನ್ನು ಜೊತೆಯ ಭಾಗಕ್ಕೆ ಒತ್ತುತ್ತಾನೆ. ಮಸಿ ಎಲ್ಲಿ ಅಂಟಿತೋ ಅಲ್ಲಿ ಲೋಹ ಲೋಹವನ್ನು ಮುಟ್ಟುತ್ತಿದೆ ಎಂದರ್ಥ. ಆ ಜಾಗವನ್ನು ಅರದಿಂದ ಕೂದಲೆಳೆಯಷ್ಟು ತೆಗೆದು ಮತ್ತೆ ಮಸಿ ಹಿಡಿಸುತ್ತಾನೆ. ಇಡೀ ಮೇಲ್ಮೈಯಲ್ಲಿ ಮಸಿ ಸಮನಾಗಿ ಅಂಟುವವರೆಗೂ ಇದೇ ನಡೆಯುತ್ತದೆ. ಮರದ ಹಿಡಿಯನ್ನು ಉಕ್ಕಿಗೆ ಕೂರಿಸುವುದೂ ಹೀಗೆಯೇ, ವಾಲ್‌ನಟ್ ಮರಕ್ಕೂ ಫಲಕಕ್ಕೂ ನಡುವೆ ಕಾಗದದ ಹಾಳೆಯೂ ತೂರದಂತೆ. ಇಂತಹ ಬಂದೂಕು ದಶಕಗಳ ಕಾಲ ಹಾರಿಸಿದ ಮೇಲೂ ಸಡಿಲಗೊಳ್ಳದೆ ಮುಚ್ಚಿಕೊಳ್ಳುವುದು ಈ ಮಸಿಯ ಕೆಲಸದಿಂದ. ಫ್ರೆಡರಿಕ್ ಬೀಸ್ಲಿ 1880ರಲ್ಲಿ ರೂಪಿಸಿದ, ತಾನಾಗಿ ತೆರೆದುಕೊಳ್ಳುವ ಯಂತ್ರರಚನೆಯನ್ನು ಪರ್ಡಿ ಸಂಸ್ಥೆ ಇಂದಿಗೂ ಬಳಸುತ್ತಿದೆ. ಬಳಕೆಗೆ ಒದಗದ ವಸ್ತುವಾಗಿದ್ದರೆ ಅಷ್ಟು ಕಾಲ ಉಳಿಯುತ್ತಿರಲಿಲ್ಲ.

ಜೋಡುನಳಿಗೆಯ ರೈಫಲ್ ಇದಕ್ಕಿಂತಲೂ ಕಠಿಣ. ಎರಡು ನಳಿಗೆಗಳನ್ನು ಅಕ್ಕಪಕ್ಕ ಸಮಾನಾಂತರವಾಗಿ ಬೆಸೆದರೆ ಎರಡರ ಗುಂಡೂ ಒಂದೇ ಜಾಗಕ್ಕೆ ಹೋಗುವುದಿಲ್ಲ, ಏಕೆಂದರೆ ಬಲ ನಳಿಗೆ ಸಿಡಿದಾಗ ಬಂದೂಕು ಬಲಕ್ಕೆ ತಿರುಗುತ್ತದೆ, ಎಡದ್ದು ಸಿಡಿದಾಗ ಎಡಕ್ಕೆ. ಹಾಗಾಗಿ ಮುಂತುದಿಯಲ್ಲಿ ಅವುಗಳನ್ನು ಒಂದಕ್ಕೊಂದು ಸ್ವಲ್ಪ ವಾಲಿಸಿ, ತಾತ್ಕಾಲಿಕವಾಗಿ ಬೆಸೆದು, ಗುರಿಹಲಗೆಗೆ ಹಾರಿಸಿ ನೋಡಿ, ಬೆಸುಗೆ ಕರಗಿಸಿ, ನಡುವಿನ ಬೆಣೆಯನ್ನು ಸರಿಸಿ, ಮತ್ತೆ ಹಾರಿಸಬೇಕು. ಒಂದೇ ಬಗೆಯ ಮದ್ದು ಮತ್ತು ಒಂದೇ ತೂಕದ ಗುಂಡಿಗೆ ಮಾತ್ರ ಈ ಹೊಂದಾಣಿಕೆ ನಿಲ್ಲುತ್ತದೆ. ಎರಡನೆಯ ಗುಂಡನ್ನು ಕಣ್ಣುಮುಚ್ಚಿ ತೆರೆಯುವುದರೊಳಗೆ ಹಾರಿಸಬೇಕಾದ, ಎದುರಿಗೆ ಅಪಾಯಕಾರಿ ಪ್ರಾಣಿ ನಿಂತಿರುವ ಸಂದರ್ಭಕ್ಕೆಂದು ಹುಟ್ಟಿದ ರಚನೆ ಇದು. ಇದರ ಬೆಲೆಯನ್ನು ಐಷಾರಾಮ ಎನ್ನುವವರು ಒಮ್ಮೆ ಆ ಬೆಸುಗೆಯನ್ನು ಹತ್ತಿರದಿಂದ ನೋಡಬೇಕು.

ಗುರಿಗಾರ:

ಅರದ ಕೈ ಅವರ ವಿವರಣೆಗೆ ಕೃತಜ್ಞ. ಕೂಡಿಸುವ ದುಡಿಮೆಗೆ ನಾನು ಬೆಲೆ ಕಟ್ಟುತ್ತೇನೆ. ಆದರೆ ಕಂಪ್ಯೂಟರ್ ನಿಯಂತ್ರಿತ ಯಂತ್ರಗಳು ಇಂದು ಮಿಲಿಮೀಟರಿನ ನೂರನೆಯ ಒಂದು ಭಾಗಕ್ಕಿಂತ ಕಡಿಮೆ ವ್ಯತ್ಯಾಸದಲ್ಲಿ ಭಾಗಗಳನ್ನು ಕಡಿದು ಕೊಡುತ್ತಿವೆ. ಲಂಡನ್ನಿನ ಸಂಸ್ಥೆಗಳೂ ಅವುಗಳನ್ನು ಬಳಸುತ್ತವೆ. ಮಸಿ ಹಿಡಿಸುವ ಕೆಲಸ ಯಂತ್ರಕ್ಕೆ ಹೋದ ಮೇಲೆ ಕೈಗೆ ಉಳಿಯುವುದು ಕೆತ್ತನೆಯೊಂದೇ. ಪ್ರಶ್ನೆ ಮೊದಲಿನ ಜಾಗಕ್ಕೇ ಬಂತು.

ಕುಸುರಿಗಾರ:

ಉಕ್ಕಿನ ಮೇಲೆ ಕೆತ್ತುವುದು ನನ್ನ ಜೀವನೋಪಾಯ. ಮುಖ್ಯವಾಗಿ ಗಡಿಯಾರಗಳ ಮತ್ತು ಚಾಕುಗಳ ಮೇಲೆ, ಆಗೊಮ್ಮೆ ಈಗೊಮ್ಮೆ ಬಂದೂಕಿನ ಫಲಕಗಳ ಮೇಲೆ. ಕೆತ್ತನೆ ಎಂದರೆ ಒಂದೇ ಕೆಲಸವೆಂಬಂತೆ ಮಾತು ನಡೆಯುತ್ತಿರುವುದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಇಂಗ್ಲಿಷ್ ಬಂದೂಕುಗಳ ಸಾಂಪ್ರದಾಯಿಕ ಕೆತ್ತನೆಯಲ್ಲಿ ಪುಟ್ಟ ಗುಲಾಬಿ ಗೊಂಚಲುಗಳೂ ಸುತ್ತಿಕೊಳ್ಳುವ ಸಣ್ಣ ಬಳ್ಳಿಗಳೂ ಇಡೀ ಫಲಕವನ್ನು ತುಂಬುತ್ತವೆ. ಅದು ಕಣ್ಣಿಗೆ ಅಲಂಕಾರ, ಆದರೆ ಕೈಗೆ ಉಪಯೋಗವೂ ಹೌದು: ನುಣುಪಾದ ಉಕ್ಕು ಬಿಸಿಲಿಗೆ ಕನ್ನಡಿಯಂತೆ ಹೊಳೆಯುತ್ತದೆ, ದಟ್ಟವಾಗಿ ಕೆತ್ತಿದ ಮೇಲ್ಮೈ ಆ ಹೊಳಪನ್ನು ಮುರಿಯುತ್ತದೆ, ಸಣ್ಣಪುಟ್ಟ ಗೀರುಗಳು ಬಳ್ಳಿಗಳ ನಡುವೆ ಮರೆಯಾಗುತ್ತವೆ. ಬಳಸುವವನ ಬಂದೂಕಿಗೆ ಹೊಂದುವ ಕೆತ್ತನೆ ಇದು.

ಇಟಲಿಯ ಬುಲೀನೋ ಪದ್ಧತಿ ಬೇರೆಯದೇ ಲೋಕ. ಬ್ರೆಶ್ಶಾ ಪ್ರಾಂತದ ಗಾರ್ಡೋನೆ ವಾಲ್ ತ್ರೋಂಪಿಯಾ ಎಂಬ ಕಣಿವೆಯ ಊರು ಇದರ ಕೇಂದ್ರ. ಬೆರೆಟ್ಟಾ ಮನೆತನ ವೆನಿಸ್ಸಿನ ಶಸ್ತ್ರಾಗಾರಕ್ಕೆ 185 ಬಂದೂಕು ನಳಿಗೆಗಳನ್ನು ಒದಗಿಸಿದ 1526ರ ದಾಖಲೆ ಇರುವುದೂ ಇದೇ ಊರಿನದು. ಬುಲೀನೋದಲ್ಲಿ ಸುತ್ತಿಗೆ ಇಲ್ಲ. ಅಂಗೈಯಿಂದ ಒತ್ತುವ ಸಣ್ಣ ಉಳಿಯ ಮೊನೆಯಿಂದ, ಸೂಕ್ಷ್ಮದರ್ಶಕದಡಿ, ಸಾವಿರಾರು ಚುಕ್ಕಿಗಳನ್ನೂ ಎಳೆಗಳನ್ನೂ ಮೂಡಿಸುತ್ತಾರೆ. ಚುಕ್ಕಿಗಳು ಒತ್ತಾದಲ್ಲಿ ನೆರಳು, ವಿರಳವಾದಲ್ಲಿ ಬೆಳಕು. ಫಿರ್ಮೋ ಫ್ರಕಾಸ್ಸಿಯವರು ಈ ರೀತಿಯಲ್ಲಿ ಮೂಡಿಸಿದ ಪ್ರಾಣಿಗಳ ತುಪ್ಪಳವನ್ನು ನೋಡಿದರೆ ಛಾಯಾಚಿತ್ರವೆಂದೇ ತೋರುತ್ತದೆ. ಇಲ್ಲಿ ತಿದ್ದುವ ಅವಕಾಶ ಇಲ್ಲವೇ ಇಲ್ಲ ಎನ್ನಬೇಕು. ಜಾರಿದ ಮೊನೆಯ ಗುರುತನ್ನು ಅಳಿಸಬೇಕೆಂದರೆ ಸುತ್ತಲಿನ ಉಕ್ಕನ್ನೂ ಉಜ್ಜಿ ತೆಗೆಯಬೇಕು.

ಕೆತ್ತುವಾಗ ಉಕ್ಕು ಮೆದುವಾಗಿರುತ್ತದೆ. ಕೆಲಸ ಮುಗಿದ ಮೇಲೆ ಫಲಕಗಳನ್ನು ಮೂಳೆಯ ಇದ್ದಿಲಿನಲ್ಲಿ ಹುದುಗಿಸಿ ಕಾಯಿಸಿ ನೀರಿಗೆ ಅದ್ದಿ ಹದ ಕೊಡುವ ಪದ್ಧತಿಯಿದೆ. ಆಗ ನೀಲಿ, ಕಂದು, ಬೂದು ಬಣ್ಣಗಳು ಮೋಡದಂತೆ ಹರಡಿಕೊಳ್ಳುತ್ತವೆ. ಅದೇ ಗಳಿಗೆಯಲ್ಲಿ ಫಲಕ ಡೊಂಕಾಗುವ ಅಪಾಯವೂ ಇದೆ. ವಾರಗಟ್ಟಲೆಯ ಕೆಲಸ ಕುಲುಮೆಗೆ ಹೋಗುವಾಗ ಕೆತ್ತಿದವನ ಉಸಿರು ಬಿಗಿಯಾಗುತ್ತದೆ.

ಈಗ ಗುರಿಗಾರರ ಆಕ್ಷೇಪಕ್ಕೆ ಬರುತ್ತೇನೆ, ಏಕೆಂದರೆ ಅದಕ್ಕೆ ನಮ್ಮ ಕಸುಬಿನೊಳಗೇ ಒಂದು ಉತ್ತರವಿದೆ. ಬುಲೀನೋ ಬಹಳ ಆಳವಿಲ್ಲದ ಕೆತ್ತನೆ. ಅಂಗೈಯ ಉಜ್ಜಾಟಕ್ಕೆ, ಎಣ್ಣೆ ಬಟ್ಟೆಯ ಒರೆಸಾಟಕ್ಕೆ ಅದು ವರ್ಷಗಳ ಮೇಲೆ ಮಂಕಾಗುತ್ತದೆ. ಆ ಮಟ್ಟದ ಬುಲೀನೋ ಚಿತ್ರವಿರುವ ಬಂದೂಕು ಹೊರಗೆ ಬರಬಾರದೆಂದು ಅದರ ಕೆತ್ತನೆಯೇ ಹೇಳುತ್ತದೆ. ಅಲ್ಲಿ ಬಂದೂಕು ಚಿತ್ರಕ್ಕೆ ಹಲಗೆಯಾಗಿದೆ. ಬಳ್ಳಿಯ ಕೆತ್ತನೆಯಲ್ಲಿ ಹಾಗಿಲ್ಲ, ಅಲ್ಲಿ ಕೆತ್ತನೆ ಬಂದೂಕಿನ ಗೆರೆಗಳನ್ನು ಅನುಸರಿಸುತ್ತದೆ. ಈ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ನನಗೆ ಮೊದಲನೆಯದರ ಬಗ್ಗೆ ಅಪಾರ ಗೌರವವಿದೆ, ಪ್ರೀತಿ ಇರುವುದು ಎರಡನೆಯದರ ಮೇಲೆ.

ಹಳೆಯ ಪುಟಗಳು:

ಇತಿಹಾಸದ ಕಡೆಯಿಂದ ಒಂದು ಮಾತು. ಬಂದೂಕಿನ ಅಲಂಕಾರವನ್ನು ಕಲೆಯ ಅಂಗಳಕ್ಕೆ ಹೊರಗಿನಿಂದ ಬಂದ ಅತಿಥಿಯೆಂದು ಎಲ್ಲರೂ ಭಾವಿಸುತ್ತಿರುವಂತಿದೆ. ನಡೆದದ್ದು ಅದಕ್ಕೆ ವಿರುದ್ಧ. ಆಮ್ಲದಿಂದ ಲೋಹವನ್ನು ಕೊರೆದು, ಶಾಯಿ ತುಂಬಿ, ಕಾಗದಕ್ಕೆ ಒತ್ತುವ ಎಚಿಂಗ್ ಕಲೆ ಯುರೋಪಿನಲ್ಲಿ ಆರಂಭವಾದದ್ದು ಆಯುಧಶಾಲೆಯಿಂದ. ಆಗ್ಸ್‌ಬರ್ಗ್‌ನ ಡೇನಿಯಲ್ ಹಾಪ್ಫರ್ ಎಂಬಾತ ಯೋಧರ ಕವಚಗಳನ್ನು ಆಮ್ಲದಿಂದ ಅಲಂಕರಿಸುತ್ತಿದ್ದವನು. 1500ರ ಸುಮಾರಿಗೆ ಅದೇ ವಿಧಾನವನ್ನು ಮುದ್ರಣಕ್ಕೆ ತಂದ. ರೆಂಬ್ರಾಂಟ್‌ನ ಎಚಿಂಗ್‌ಗಳ ಮುಂದೆ ತಲೆಬಾಗುವ ನಾವು ಅವುಗಳ ತಾಯಿಬೇರಾದ ಆಯುಧದ ಅಲಂಕಾರವನ್ನು ಆಡಂಬರವೆಂದು ತಳ್ಳಿಹಾಕುವುದು ಸರಿಯೆನಿಸುವುದಿಲ್ಲ.

ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯದಲ್ಲಿ ಚಕ್ರವರ್ತಿ ಐದನೇ ಚಾರ್ಲ್ಸ್‌ನಿಗಾಗಿ 1540ರ ದಶಕದ ಆರಂಭದಲ್ಲಿ ಮಾಡಿದ ಪಿಸ್ತೂಲೊಂದಿದೆ. ಮ್ಯೂನಿಕ್‌ನ ಪೀಟರ್ ಪೆಕ್ ಅದನ್ನು ಮಾಡಿದವನು, ಆತ ಗಡಿಯಾರಗಳನ್ನೂ ಮಾಡುತ್ತಿದ್ದ. ಎರಡು ನಳಿಗೆ, ಎರಡಕ್ಕೂ ಕಿಡಿ ಹಾರಿಸುವ ಚಕ್ರಗಳು ಒಂದೇ ಯಂತ್ರದೊಳಗೆ. ಆ ಕಾಲಕ್ಕೆ ಅದು ಯಂತ್ರವಿಜ್ಞಾನದ ತುತ್ತತುದಿಯಾಗಿತ್ತು. ಅದೇ ವಸ್ತುವಿನ ಮೇಲೆ ಚಕ್ರವರ್ತಿಯ ಲಾಂಛನಗಳ ಅಲಂಕಾರವೂ ಇದೆ. ಕೆಲಸದ ಜಾಣ್ಮೆ ಎಲ್ಲಿ ಮುಗಿಯಿತು, ಅಲಂಕಾರ ಎಲ್ಲಿ ಆರಂಭವಾಯಿತು ಎಂದು ಬೇರ್ಪಡಿಸಲು ನನ್ನಿಂದ ಆಗದು.

ಇನ್ನೂ ಬಲವಾದ ಉದಾಹರಣೆಯೊಂದಿದೆ. ಸ್ಪೇನಿನ ಎಯ್ಬಾರ್ ಬಂದೂಕು ತಯಾರಕರ ಊರು. ಅಲ್ಲಿಯ ಪ್ಲಾಸಿದೊ ಸುಲೊವಾಗ (1834–1910) ಬಂದೂಕು ಮಾಡುವವರ ಮನೆತನದವನು. ಉಕ್ಕಿನ ಮೇಲೆ ಚಿನ್ನದ ಎಳೆ ಕೂರಿಸುವ, ಬಂದೂಕುಗಳ ಮೇಲೆ ನಡೆಯುತ್ತಿದ್ದ ಕುಸುರಿಯನ್ನೇ ಆತ ಹೂದಾನಿ, ಪೆಟ್ಟಿಗೆಗಳ ಮೇಲೆ, ಕೊನೆಗೆ ಜನರಲ್ ಪ್ರಿಮ್‌ನ ಸಮಾಧಿಯ ಮೇಲೂ ಮಾಡಿದ. ಅವನ ಮಗ ಇಗ್ನಾಸಿಯೊ ಹೆಸರಾಂತ ವರ್ಣಚಿತ್ರಕಾರನಾದ. ಹೂದಾನಿಯನ್ನು ಯಾರೂ ಬಳಕೆಗೆ ಒದಗದ ವೈಭವವೆಂದು ದೂರುವುದಿಲ್ಲ, ಅದಕ್ಕೆ ನೀರು ತುಂಬಿ ಹೂವಿಟ್ಟವರೂ ಯಾರೂ ಇರಲಾರರು. ಜಪಾನಿನಲ್ಲಿಯೂ 1876ರಲ್ಲಿ ಖಡ್ಗ ಧರಿಸುವುದನ್ನು ನಿಷೇಧಿಸಿದಾಗ ಖಡ್ಗದ ಹಿಡಿಕಾಪುಗಳನ್ನು ಅಲಂಕರಿಸುತ್ತಿದ್ದ ಲೋಹಶಿಲ್ಪಿಗಳು ಹೂದಾನಿ, ಕರಂಡಕಗಳ ಕಡೆಗೆ ತಿರುಗಿದರು. ಕಾನೊ ನಾತ್ಸುವೊ ಅವರಲ್ಲಿ ಪ್ರಮುಖ. ಅದೇ ಕೈ, ಅದೇ ಉಳಿ, ಅದೇ ಚಿನ್ನ. ಆಯುಧದಿಂದ ಹೂದಾನಿಗೆ ಬಂದ ಕ್ಷಣಕ್ಕೆ ಅದು ಕಲೆಯಾಯಿತು ಎನ್ನುವುದಾದರೆ ನಮ್ಮ ತೀರ್ಪು ಕೆಲಸವನ್ನು ಕುರಿತದ್ದಲ್ಲ, ವಸ್ತುವನ್ನು ಕುರಿತದ್ದು.

ಮೌನಿ ಓದುಗಿ:

ವಸ್ತುವನ್ನು ಕುರಿತೇ ತೀರ್ಪು ಇರಬೇಕೆಂದು ನಾನು ಹೇಳುತ್ತೇನೆ. ಇಷ್ಟು ಹೊತ್ತು ಬಂದೂಕು ಗುರಿಹಲಗೆಗೆ ಮತ್ತು ಮಣ್ಣಿನ ಬಿಲ್ಲೆಗೆ ಮಾತ್ರ ಹುಟ್ಟಿತೆಂಬಂತೆ ಎಲ್ಲರೂ ಮಾತನಾಡಿದ್ದೀರಿ. ಹೂದಾನಿಯಿಂದ ಯಾರೂ ಸಾಯುವುದಿಲ್ಲ. ಕೊಲ್ಲುವ ವಸ್ತುವಿಗೆ ಹೂಬಳ್ಳಿ ಹಬ್ಬಿಸಿದಾಗ ಆ ಹೂಬಳ್ಳಿ ಏನು ಮಾಡುತ್ತಿದೆ ಎಂದು ಕೇಳದೆ ಅದರ ಸೊಬಗನ್ನು ಮಾತ್ರ ಮೆಚ್ಚುವುದು ಅಪೂರ್ಣ.

ಅಮೆರಿಕದ ರಿವಾಲ್ವರ್ ತಯಾರಕ ಸ್ಯಾಮ್ಯುಯೆಲ್ ಕೋಲ್ಟ್‌ನನ್ನು ನೋಡಿ. ಕ್ರಿಮಿಯಾ ಯುದ್ಧದ ಆ ದಿನಗಳಲ್ಲಿ ಚಿನ್ನ ಕೂರಿಸಿ ಕೆತ್ತಿದ ರಿವಾಲ್ವರುಗಳನ್ನು ಆತ ಒಟ್ಟೋಮನ್ ಸುಲ್ತಾನನಿಗೂ ಉಡುಗೊರೆ ಕೊಟ್ಟ, ರಷ್ಯಾದ ಚಕ್ರವರ್ತಿ ಮೊದಲನೇ ನಿಕೋಲಸ್‌ನಿಗೂ ಕೊಟ್ಟ. ಇಬ್ಬರೂ ಪರಸ್ಪರ ಶತ್ರುಗಳು. ಆ ಕೆತ್ತನೆಯ ಉದ್ದೇಶ ಸೈನ್ಯಗಳಿಗೆ ಸಾದಾ ರಿವಾಲ್ವರು ಮಾರುವ ದಾರಿ ತೆರೆಯುವುದು. ಅಂತಹ ರಿವಾಲ್ವರೊಂದು ಇಂದು ಮೆಟ್ರೊಪಾಲಿಟನ್‌ ಸಂಗ್ರಹಾಲಯದಲ್ಲಿದೆ, ನಿಜಕ್ಕೂ ಸುಂದರವಾಗಿದೆ. ಆ ಸೌಂದರ್ಯ ಯಾವ ವ್ಯಾಪಾರಕ್ಕೆ ಬಾಗಿಲು ಕಾಯುತ್ತಿತ್ತು ಎಂಬುದನ್ನೂ ಅದರ ಜೊತೆಗೇ ಬರೆದಿಡಬೇಕು.

ಲೋಹಾಸಕ್ತ:

ಓದುಗಿಯವರ ಮಾತು ಈ ಚರ್ಚೆಯಲ್ಲಿ ಇರಲೇಬೇಕಾಗಿತ್ತು. ಅದನ್ನು ಅಲ್ಲಗಳೆಯುವ ಉತ್ತರ ನನ್ನಲ್ಲಿಲ್ಲ. ಆದರೆ ಅದು ಕಲೆಯಲ್ಲವೆಂಬ ತೀರ್ಮಾನಕ್ಕೆ ಒಯ್ಯುತ್ತದೆಂದು ನನಗನಿಸುವುದಿಲ್ಲ. ಅಧಿಕಾರವನ್ನು ಮೆರೆಸಲು ಕಟ್ಟಿದ ಅರಮನೆಗಳೂ ಕೋಟೆಗಳೂ ವಾಸ್ತುಶಿಲ್ಪವೇ. ನೆಪೋಲಿಯನ್‌ನ ಕಾಲದಲ್ಲಿ ನಿಕೊಲಾ-ನೋಯೆಲ್ ಬೂತೆ ವರ್ಸೇಲ್ಸಿನ ಕಾರ್ಯಾಗಾರದಲ್ಲಿ ಸೇನಾನಿಗಳಿಗೆ ಬಹುಮಾನವಾಗಿ ಕೊಡಲು ಮಾಡಿದ ಪಿಸ್ತೂಲುಗಳು ಅಧಿಕಾರದ ಭಾಷಣಗಳೇ ಆಗಿದ್ದವು. 1786ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಕ್ಯಾಥರೀನ್ ಮಹಾರಾಣಿಗಾಗಿ ದಂತದ ಹಿಡಿಯೊಂದಿಗೆ ಸಿದ್ಧವಾದ ಜೋಡಿ ಪಿಸ್ತೂಲುಗಳೂ ಹಾಗೆಯೇ. ಉದ್ದೇಶ ಕೆಟ್ಟದ್ದಾದರೆ ಕೃತಿಯ ಮೇಲೆ ನೆರಳು ಬೀಳುತ್ತದೆ. ಆ ನೆರಳಿನ ಸಮೇತ ಅದನ್ನು ನೋಡಲು ಕಲಿಯಬೇಕೆಂಬುದು ನನ್ನ ನಿಲುವು.

ಬೆಲೆಯ ವಿಷಯದಲ್ಲಿ ನನ್ನ ಮೊದಲ ಬರಹಕ್ಕೆ ಒಂದು ಸೇರ್ಪಡೆ. 2021ರಲ್ಲಿ ಒಂದು ಕೋಲ್ಟ್ ರಿವಾಲ್ವರ್ ಹರಾಜಿನಲ್ಲಿ 60 ಲಕ್ಷ ಡಾಲರಿಗೂ ಹೆಚ್ಚಿನ ಬೆಲೆಗೆ ಹೋಯಿತು. ಅದರ ಮೇಲೆ ಒಂದು ಬಳ್ಳಿಯೂ ಇಲ್ಲ, ಚಿನ್ನವೂ ಇಲ್ಲ. ಪ್ಯಾಟ್ ಗ್ಯಾರೆಟ್ ಎಂಬ ಅಮೆರಿಕದ ಶೆರಿಫ್ 1881ರಲ್ಲಿ ಬಿಲ್ಲಿ ದಿ ಕಿಡ್ ಎಂಬ ಕುಖ್ಯಾತ ಅಪರಾಧಿಯನ್ನು ಕೊಂದದ್ದು ಅದರಿಂದ ಎಂಬುದಷ್ಟೇ ಅದರ ಬೆಲೆ. ಆದ್ದರಿಂದ ದುಬಾರಿಯಾಗಿದೆ ಎಂಬ ಕಾರಣಕ್ಕೆ ಯಾವುದೂ ಕಲೆಯಾಗುವುದಿಲ್ಲ, ಅದೇ ಕಾರಣಕ್ಕೆ ಆಡಂಬರವೂ ಆಗುವುದಿಲ್ಲ. ಬೆಲೆಯನ್ನು ಈ ಚರ್ಚೆಯಿಂದ ಹೊರಗಿಟ್ಟರೆ ದಾರಿ ಸ್ವಲ್ಪ ಸ್ಪಷ್ಟವಾಗುತ್ತದೆ.

ಪೆಟ್ಟಿಗೆಯ ಕೀಲಿ:

ನಾನು ಸಂಗ್ರಾಹಕ. ಪೆಟ್ಟಿಗೆಯಲ್ಲೇ ಉಳಿಯುವ ಬಂದೂಕುಗಳ ಬಗ್ಗೆ ಎದ್ದ ಆಕ್ಷೇಪ ನಮ್ಮಂಥವರನ್ನು ಕುರಿತದ್ದಾದ್ದರಿಂದ ಉತ್ತರಿಸುತ್ತೇನೆ. ಹಾರಿಸದ ಬಂದೂಕಿಗೆ ಮಾರುಕಟ್ಟೆಯಲ್ಲಿ ಹೆಚ್ಚು ಬೆಲೆ ಬರುವುದು ನಿಜ, ಹಾಗಾಗಿ ಹೂಡಿಕೆದಾರರು ಅದನ್ನು ಮುಟ್ಟುವುದಿಲ್ಲ. ಇದು ವಸ್ತುವಿನ ದೋಷವಲ್ಲ, ಹಿಡಿದವರ ಲೆಕ್ಕಾಚಾರ. ಥಿಯೊಡೊರ್ ರೂಸ್‌ವೆಲ್ಟ್‌ಗೆ ಇಂಗ್ಲೆಂಡಿನ ಅಭಿಮಾನಿಗಳು 1909ರಲ್ಲಿ ಕೊಟ್ಟ ಹಾಲೆಂಡ್ ಅಂಡ್ ಹಾಲೆಂಡ್ ಜೋಡುನಳಿಗೆ ರೈಫಲ್ ಆಫ್ರಿಕಾದ ಬಿಸಿಲಿನಲ್ಲೂ ಧೂಳಿನಲ್ಲೂ ಅವರ ಜೊತೆ ಅಲೆದಿತ್ತು. ಜನರಲ್ ಪ್ಯಾಟನ್ 1916ರಲ್ಲಿ ಕೊಂಡ, ಕೆತ್ತನೆಯ ಮತ್ತು ದಂತದ ಹಿಡಿಯ ಕೋಲ್ಟ್ ರಿವಾಲ್ವರನ್ನು ಅದೇ ವರ್ಷ ಮೆಕ್ಸಿಕೊದ ಕಾಳಗದಲ್ಲಿ ಹಾರಿಸಿದರು, ಎರಡನೆಯ ಮಹಾಯುದ್ಧದಲ್ಲೂ ಸೊಂಟಕ್ಕೆ ಕಟ್ಟಿದ್ದರು. ಹಣವುಳ್ಳವರು ಬಳಸಲಾರರು ಎಂಬುದಕ್ಕೆ ಇವು ಅಪವಾದಗಳು.

ನನ್ನ ಬಳಿ ಇರುವ ಹಳೆಯ ಬಂದೂಕುಗಳನ್ನು ನಾನು ಹಾರಿಸುತ್ತೇನೆ. ಹಾರಿಸಿದ ದಿನವೇ ನಳಿಗೆ ಒರೆಸಿ, ಬೆರಳಿನ ಬೆವರು ಉಕ್ಕಿನ ಮೇಲೆ ಉಳಿಯದಂತೆ ತೆಳುವಾಗಿ ಎಣ್ಣೆ ಹಚ್ಚಿದರೆ ಸಾಕು. ಬೆವರಿನ ಉಪ್ಪು ಮಾಡುವ ಹಾನಿಯಷ್ಟನ್ನು ಗುಂಡು ಮಾಡುವುದಿಲ್ಲ.

ಗುರಿಗಾರ:

ಬೆಲೆಯನ್ನು ಹೊರಗಿಡಬೇಕೆಂಬ ಮಾತನ್ನು ಒಪ್ಪುವುದು ಕೊಳ್ಳಬಲ್ಲವರಿಗೆ ಸುಲಭ. ಆದರೂ ಬಳ್ಳಿಯ ಕೆತ್ತನೆ ಬಿಸಿಲಿನ ಹೊಳಪನ್ನು ಮುರಿಯುತ್ತದೆಂಬುದನ್ನು ಇನ್ನು ಮೇಲೆ ಗಮನಿಸಿ ನೋಡುತ್ತೇನೆ. ಒಂದು ಪ್ರಶ್ನೆ ಮಾತ್ರ ಉಳಿದಿದೆ: ಲೇಸರ್‌ನಿಂದ ಕೆತ್ತಿದ ಬಂದೂಕುಗಳು ಸಾಮಾನ್ಯ ಬೆಲೆಗೆ ದೊರೆಯುತ್ತಿವೆ. ಎರಡು ಹೆಜ್ಜೆ ದೂರದಿಂದ ನನಗೆ ವ್ಯತ್ಯಾಸ ತಿಳಿಯುವುದಿಲ್ಲ. ಕಣ್ಣಿಗೆ ಒಂದೇ ಆಗಿ ಕಂಡರೆ ಕೈಕೆಲಸದ ಹೆಚ್ಚುಗಾರಿಕೆ ಎಲ್ಲಿದೆ?

ಕುಸುರಿಗಾರ:

ಎರಡು ಹೆಜ್ಜೆಯನ್ನು ಬಿಟ್ಟು ಹತ್ತಿರ ಬನ್ನಿ ಎಂಬುದೇ ನನ್ನ ಉತ್ತರ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಒಂದು ಭೂತಗನ್ನಡಿ ಸಾಕು.

ಉಳಿ ಉಕ್ಕನ್ನು ಸೀಳಿ ಸುರುಳಿಯಾಗಿ ತೆಗೆಯುತ್ತದೆ. ಅದು ಬಿಟ್ಟುಹೋದ ಕಾಲುವೆ ಇಂಗ್ಲಿಷಿನ ವಿ ಅಕ್ಷರದ ಆಕಾರದ್ದು, ಅದರ ಎರಡೂ ಗೋಡೆಗಳು ನುಣುಪಾಗಿ ಹೊಳೆಯುತ್ತವೆ. ಬಂದೂಕನ್ನು ತಿರುಗಿಸಿದಂತೆ ಬೆಳಕು ಆ ಗೋಡೆಗಳ ಮೇಲೆ ಓಡಾಡುತ್ತದೆ. ಲೇಸರ್ ಉಕ್ಕನ್ನು ಸುಟ್ಟು ತೆಗೆಯುತ್ತದೆ, ಕಾಲುವೆಯ ತಳ ಒರಟಾಗಿ ಮಂಕಾಗಿರುತ್ತದೆ, ಯಾವ ಕಡೆಯಿಂದ ನೋಡಿದರೂ ಒಂದೇ ಬಣ್ಣ. ಕೈಯ ಗೆರೆ ತೆಳುವಾಗಿ ಆರಂಭವಾಗಿ, ತಿರುವಿನಲ್ಲಿ ಉಬ್ಬಿ, ತುದಿಯಲ್ಲಿ ಮತ್ತೆ ಕ್ಷೀಣಿಸುತ್ತದೆ, ಏಕೆಂದರೆ ತಿರುವಿನಲ್ಲಿ ಮಣಿಕಟ್ಟು ವಾಲುತ್ತದೆ. ಒಂದು ಬಳ್ಳಿಯ ಎಡಭಾಗವನ್ನೂ ಅದರ ಪ್ರತಿಬಿಂಬವಾದ ಬಲಭಾಗವನ್ನೂ ಹೋಲಿಸಿ ನೋಡಿ. ಯಂತ್ರದ್ದಾದರೆ ಪ್ರತಿ ಎಲೆಯೂ ತದ್ರೂಪ. ಕೈಯದ್ದಾದರೆ ಎಡಕ್ಕೆ ತಿರುಗುವ ಗೆರೆಗೂ ಬಲಕ್ಕೆ ತಿರುಗುವ ಗೆರೆಗೂ ಸಣ್ಣ ಭೇದ ಇದ್ದೇ ಇರುತ್ತದೆ.

ಎರಡು ಫಲಕಗಳು ಸೇರುವ ಜಾಗವನ್ನೂ ನೋಡಬೇಕು. ಒಳ್ಳೆಯ ಕೆಲಸದಲ್ಲಿ ಬಳ್ಳಿ ಉಕ್ಕಿನ ಒಂದು ತುಂಡಿನಿಂದ ಇನ್ನೊಂದಕ್ಕೆ ಗೆರೆ ತಪ್ಪದೆ ದಾಟುತ್ತದೆ, ತಿರುಪಿನ ತಲೆಯ ಮೇಲೂ ಹಾದುಹೋಗುತ್ತದೆ. ತಿರುಪುಗಳ ಸೀಳುಗಳೆಲ್ಲ ನಳಿಗೆಯ ಉದ್ದಕ್ಕೆ ಸಮಾನಾಂತರವಾಗಿ ನಿಂತಿರುತ್ತವೆ. ಅದಕ್ಕಾಗಿ ಪ್ರತಿ ತಿರುಪನ್ನೂ ಅದರ ರಂಧ್ರಕ್ಕೇ ಬೇರೆಯಾಗಿ ಹೊಂದಿಸಬೇಕು. ಹೊರಗಿನವರು ಕೈಹಾಕಿ ದುರಸ್ತಿ ಮಾಡಿದ್ದರೆ ಮೊದಲು ಕೆಡುವುದು ಈ ಸೀಳುಗಳೇ, ಆದ್ದರಿಂದ ಹಳೆಯ ಬಂದೂಕು ಕೊಳ್ಳುವವರು ಕೆತ್ತನೆಗಿಂತ ಮೊದಲು ಅವನ್ನು ಪರೀಕ್ಷಿಸುತ್ತಾರೆ.

ಇನ್ನೊಂದು ವಿಷಯ, ಹೆಸರು. ಬಹುಕಾಲ ಲಂಡನ್ನಿನ ಬಂದೂಕುಗಳ ಮೇಲೆ ಸಂಸ್ಥೆಯ ಹೆಸರು ಮಾತ್ರ ಇರುತ್ತಿತ್ತು. ಹ್ಯಾರಿ ಕೆಲ್‌ನಂತಹ ಮಹಾನ್ ಕೆತ್ತನೆಗಾರನ ಕೆಲಸವನ್ನು ಬಲ್ಲವರು ಕೈಯಿಂದ ಗುರುತಿಸಬೇಕಾಗಿತ್ತು, ಸಹಿಯಿಂದಲ್ಲ. ಅವನ ಬಳಿ ಕಲಿತ ಕೆನ್ ಹಂಟ್‌ನ ಪೀಳಿಗೆಯಿಂದ ಈಚೆಗೆ ಕೆತ್ತಿದವರ ಸಹಿ ಫಲಕದ ಅಂಚಿನಲ್ಲಿ ಕಾಣತೊಡಗಿತು. ನೀವು ಕೈಗೆತ್ತಿಕೊಂಡ ಬಂದೂಕಿನಲ್ಲಿ ಅದನ್ನು ಹುಡುಕಿ. ಸಾಮಾನ್ಯವಾಗಿ ಫಲಕದ ಕೆಳತುದಿಯ ಬಳ್ಳಿಯೊಳಗೆ ಅಥವಾ ಟ್ರಿಗರ್‌ನ ಕಾಪಿನ ಹತ್ತಿರ ಬಹಳ ಸಣ್ಣ ಅಕ್ಷರಗಳಲ್ಲಿ ಇರುತ್ತದೆ.